ಮಂದಿ ಏನಂತಾರ: ಜೇವರ್ಗಿ ಕಡೆ ಒಂದು ಊರಲ್ಲಿ ನಾವು ಕಾಳು ಎಣಿಸಿದ್ದು

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಊರಿನವರ ಮನಸ್ಸಲ್ಲಿ ನಿಜವಾಗಿ ಏನಿದೆ ಅಂತ ತಿಳಿಯೋಕೆ, ಜೇವರ್ಗಿ ತಾಲ್ಲೂಕಿನ ಒಂದು ಊರಲ್ಲಿ ವಿದ್ಯಾರ್ಥಿಗಳ ಜೊತೆ ಮಾಡಿದ ಕೆಲಸ ಇದು. ಇಂಥದ್ದೇ ಕೆಲಸಕ್ಕೆ ಹೊರಟವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಆ ಊರಲ್ಲಿ ಹೆಣ್ಣುಮಕ್ಕಳು ಏಳನೇ ಕ್ಲಾಸ್ ಮುಗಿಸಿ ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಹತ್ತಿ ಬಿಡಿಸೋಕೆ ಹೋಗುತ್ತಾರೆ. ಅಷ್ಟರಲ್ಲಿ ಯಾರೋ ಸಂಬಂಧ ತರುತ್ತಾರೆ. ಕಾನೂನು ಗೊತ್ತಿಲ್ಲ ಅಂತಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂತು. ಕರ್ನಾಟಕ 2016ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂದಿತು. ಊರಿನವರಿಗೆ ಅದೂ ಗೊತ್ತು. ಬರೀ ಹೆದರಿಸಿದರೆ ಮದುವೆ ನಿಲ್ಲೋದಿಲ್ಲ, ಬೇರೆ ಊರಲ್ಲಿ ಗುಟ್ಟಾಗಿ ನಡೆಯುತ್ತದೆ, ಅಷ್ಟೇ.

ಮನೆಮನೆಗೆ ಹೋದಾಗ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿತ್ತು. "ನಮಗೇನೋ ಓದಿಸಬೇಕಂತ ಅದರಿ ಅಕ್ಕೋರೆ, ಆದ್ರ ಮಂದಿ ಏನಂತಾರ?" ಈ ಮನೆಯವರು ಯಾರನ್ನು ಮಂದಿ ಅನ್ನುತ್ತಿದ್ದರೋ, ಆ ಪಕ್ಕದ ಮನೆಯವರೂ ಅದನ್ನೇ ಹೇಳುತ್ತಿದ್ದರು!

ಮನಃಶಾಸ್ತ್ರಕ್ಕೆ ಇದು ಹೊಸದಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುಡಿತದ ಬಗ್ಗೆ 1993ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಳಗೊಳಗೆ ಮುಜುಗರ ಇದ್ದವರೇ ಜಾಸ್ತಿ, ಆದರೆ ಉಳಿದವರಿಗೆಲ್ಲ ಇದು ಸರಿ ಅನಿಸುತ್ತದೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಸೌದಿಯ ರಿಯಾದ್‌ನಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಹೆಂಡತಿ ಹೊರಗೆ ದುಡಿಯಲಿ ಅನ್ನೋ ಗಂಡಸರೇ ಅಲ್ಲಿ ಹೆಚ್ಚಿದ್ದರು. ಆದರೆ ಅಕ್ಕಪಕ್ಕದವರು ಒಪ್ಪಲ್ಲ ಅಂದುಕೊಂಡಿದ್ದರು. ನಿಜ ಏನು ಅಂತ ತೋರಿಸಿದ ಮೇಲೆ ಹೆಂಡತಿಯ ಹೆಸರನ್ನು ಕೆಲಸ ಹುಡುಕಿಕೊಡುವವರ ಹತ್ತಿರ ಬರೆಸಿದವರು ಜಾಸ್ತಿಯಾದರು.

ಹಾಗಂತ ನಮ್ಮೂರಲ್ಲೂ ಹೀಗೇ ಅಂತ ಹೇಳಿಬಿಡೋಕೆ ಆಗೋದಿಲ್ಲ. ಎಣಿಸಬೇಕು. ಕೈ ಎತ್ತಿಸಿದರೆ ಗೌಡರ ಮುಖ ನೋಡಿ ಕೈ ಎತ್ತುತ್ತಾರೆ. ಕರ್ನಾಟಕದಲ್ಲಿ ಎಚ್‌ಐವಿ ಕೆಲಸ ಮಾಡಿದವರು ಬಳಸಿದ್ದ ಪೋಲಿಂಗ್ ಬೂತ್ ಸಮೀಕ್ಷೆ ನೆನಪಾಯಿತು. ಬಾಯಿಬಿಟ್ಟು ಹೇಳಲಾಗದ ಮಾತನ್ನು ಮರೆಯಲ್ಲಿ ಮತ ಹಾಕಿ ತಿಳಿಸುವ ವಿಧಾನ ಅದು.

ಶಾಲೆಯ ಒಂದು ಕೋಣೆಗೆ ಸೀರೆ ಅಡ್ಡ ಕಟ್ಟಿದೆವು. ಒಬ್ಬೊಬ್ಬರ ಕೈಗೆ ಒಂದು ತೊಗರಿ ಕಾಳು, ಒಂದು ಜೋಳದ ಕಾಳು. ಮಗಳು ಪಿಯುಸಿ ತನಕ ಓದಲಿ ಅನ್ನೋದಾದರೆ ತೊಗರಿ, ಬೇಡ ಅನ್ನೋದಾದರೆ ಜೋಳ, ಸೀರೆಯ ಹಿಂದಿನ ಗಡಿಗೆಗೆ ಹಾಕಬೇಕು. ಉಳಿದ ಕಾಳನ್ನು ಅಲ್ಲೇ ಇನ್ನೊಂದು ಗಡಿಗೆಗೆ ಹಾಕಬೇಕು, ಕೈಯಲ್ಲಿ ಏನೂ ಉಳಿಯಬಾರದು. ಆಮೇಲೆ ಮತ್ತೊಂದು ಜೊತೆ ಕಾಳು ಕೊಟ್ಟು, ಊರಿನ ಉಳಿದವರು ಯಾವುದು ಹಾಕಿರುತ್ತಾರೆ ಅಂತ ಕೇಳಿದೆವು. ಅಕ್ಕಿ ಬೇಕಂತಲೇ ಬಿಟ್ಟೆವು. ಕೈಗೆ ಅಕ್ಕಿಕಾಳು ಬಂದರೆ ಮದುವೆಯ ಅಕ್ಷತೆ ನೆನಪಾಗುತ್ತದೆ, ಅಲ್ವಾ? ಗಂಡಸರಿಗೆ ಬೇರೆ ದಿನ, ಹೆಂಗಸರಿಗೆ ಬೇರೆ ದಿನ.

ಕಾಳಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಅದಕ್ಕೆ ಮುಂಚಿನ ಮಾತು. ಯಾಕೆ ಕೇಳುತ್ತಿದ್ದೇವೆ, ಲೆಕ್ಕ ಏನು ಮಾಡುತ್ತೇವೆ ಅಂತ ಎಲ್ಲರಿಗೂ ಬಿಡಿಸಿ ಹೇಳಿದೆವು. ಬೇಡ ಅನಿಸಿದವರು ಚಹಾ ಕುಡಿದು ಹೋಗಬಹುದು, ಯಾರೂ ಕೇಳೋದಿಲ್ಲ ಅಂದೆವು. ಕೆಲವರು ಹೋದರು ಕೂಡ. ಇನ್ನೊಂದನ್ನೂ ಮುಚ್ಚಿಡಲಿಲ್ಲ. ಇಂಥ ಹುಡುಗಿಯ ಮದುವೆ ಗೊತ್ತಾಗಿದೆ ಅಂತ ನಮಗೆ ತಿಳಿದರೆ, ಅವಳಿಗೆ ಹದಿನೆಂಟು ಆಗಿರದಿದ್ದರೆ, ಅದನ್ನು ಗುಟ್ಟಾಗಿ ಇಡೋದಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ. ನಂಬಿಸಿ ಮಾತು ತೆಗೆದು, ಆಮೇಲೆ ಅಧಿಕಾರಿಗಳನ್ನು ಕರೆಸೋದು ಮೋಸ. ಅದಕ್ಕೇ ಮೊದಲೇ ಹೇಳಬೇಕು.

ಓಣಿವಾರು ಲೆಕ್ಕ ತೆಗೆಯೋಣ, ಕಲಿಯೋಕೆ ಚೆನ್ನಾಗಿರುತ್ತದೆ ಅಂತ ವಿದ್ಯಾರ್ಥಿಗಳು ಆಸೆಪಟ್ಟರು. ನಾನು ಒಪ್ಪಲಿಲ್ಲ. ನಮ್ಮ ಕಡೆ ಓಣಿ ಅಂದರೆ ಜಾತಿ. "ಆ ಓಣಿಯವರು ಹಿಂಗ" ಅನ್ನೋ ಮಾತಿಗೆ ನಮ್ಮ ಕಾಗದ ಸಾಕ್ಷಿ ಆಗಬಾರದು. ಹುಡುಗಿಯರ ಕೈಗೂ ಕಾಳು ಕೊಡಲಿಲ್ಲ. ಅವರ ಆಸೆ ಕೇಳಿ, ಅದನ್ನು ನಡೆಸಿಕೊಡೋ ದಾರಿ ಇಲ್ಲದೆ ವಾಪಸ್ ಬರೋದು ನನಗೆ ಸರಿ ಕಾಣಲಿಲ್ಲ.

ಎಣಿಸಿದ ಮೇಲೆ ಲೆಕ್ಕವನ್ನು ಗುಡಿ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳೋದು ಅಂತ ಇತ್ತು. ಬಹಳ ಚರ್ಚೆ ಆದದ್ದು ಒಂದೇ ವಿಷಯಕ್ಕೆ. ಜೋಳವೇ ಜಾಸ್ತಿ ಬಂದರೆ? ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಕರೆಂಟ್ ಬಳಕೆಯ ಬಗ್ಗೆ ಮಾಡಿದ ಅಧ್ಯಯನವೊಂದು 2007ರಲ್ಲಿ ಬಂತು. ಸುತ್ತಲಿನವರು ತಮಗಿಂತ ಹೆಚ್ಚು ಉರಿಸುತ್ತಾರೆ ಅಂತ ಗೊತ್ತಾದಾಗ, ಕಡಿಮೆ ಬಳಸುತ್ತಿದ್ದವರೂ ಜಾಸ್ತಿ ಬಳಸತೊಡಗಿದರು. ಇಲ್ಲೂ ಹಾಗಾದರೆ ಓದಿಸಬೇಕು ಅನ್ನುವ ನಾಲ್ಕು ಜನರೂ ಕೈಬಿಡುತ್ತಾರೆ. ಆಗ ಏನಾದರಾಗಲಿ, ತೊಗರಿ ಜಾಸ್ತಿ ಅಂತ ಹೇಳಿಬಿಡೋಣ, ಒಳ್ಳೆಯದಕ್ಕೇ ತಾನೇ ಅಂದಳು ಒಬ್ಬ ಹುಡುಗಿ. ಅವಳ ಕಾಳಜಿ ದೊಡ್ಡದು. ಆದರೆ ಸುಳ್ಳು ಲೆಕ್ಕದಿಂದ ಒಬ್ಬ ಅಪ್ಪನ ಮನಸ್ಸು ತಿರುಗಿಸಿದರೆ, ಯೋಚಿಸಿ ತೀರ್ಮಾನಿಸುವ ಅವನ ಹಕ್ಕನ್ನೇ ಕಸಿದುಕೊಂಡ ಹಾಗೆ. ಆದ್ದರಿಂದ ಊರಿಗೆ ಮೊದಲೇ ಹೇಳಿದೆವು: ಜೋಳ ಜಾಸ್ತಿ ಬಂದರೆ ಕಟ್ಟೆಯ ಮೇಲೆ ಓದೋದಿಲ್ಲ, ಬಂದು ಕೇಳಿದವರಿಗೆ ಮಾತ್ರ ನಿಜ ಹೇಳುತ್ತೇವೆ.

ಊರಿನ ಇಬ್ಬರನ್ನು ಕೂರಿಸಿಕೊಂಡು ಎಣಿಸಿದೆವು. ಮೊದಲ ಪ್ರಶ್ನೆಯ ಗಡಿಗೆಯಲ್ಲಿ ತೊಗರಿಯೇ ಹೆಚ್ಚು, ಗಂಡಸರದ್ದರಲ್ಲೂ ಹೆಂಗಸರದ್ದರಲ್ಲೂ. ಎರಡನೇ ಪ್ರಶ್ನೆಯ ಗಡಿಗೆ ಮೊರಕ್ಕೆ ಸುರಿದರೆ ಬರೀ ಜೋಳವೇ ಕಾಣುತ್ತಿತ್ತು, ನಡುವೆ ಅಲ್ಲೊಂದು ಇಲ್ಲೊಂದು ತೊಗರಿ.

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಇದನ್ನು ಓದಿದಾಗ ಒಬ್ಬ ಹಿರಿಯರು ಕೇಳಿದರು: "ಹಂಗಾದ್ರ ಇಷ್ಟ ದಿನ ನಾವು ಯಾರಿಗಿ ಅಂಜಿ ಕುಂತಿದ್ವಿ?" ಹಿಂದೆ ನಿಂತಿದ್ದ ತಾಯಿಯೊಬ್ಬರು ಅಲ್ಲಿಂದಲೇ ಕೂಗಿ ಹೇಳಿದರು: "ಓದ್ಲಿ ಖರೇ, ಶಾಲಿ ಟೈಮಿಗಿ ಬಸ್ ಎಲ್ಲದರಿ?"

ಆ ತಾಯಿ ಕೇಳಿದ್ದು ನ್ಯಾಯ. ಹೈಸ್ಕೂಲ್ ಇರೋದು ಬೇರೆ ಊರಲ್ಲಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಆದರೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಸ್ ಬರಬೇಕಲ್ಲ? ರಸ್ತೆಯಲ್ಲಿರೋ ತೊಂದರೆಯನ್ನು ಜನರ ತಲೆಯೊಳಗೆ ಹುಡುಕೋದು ನಮ್ಮ ಶಾಸ್ತ್ರದವರಿಂದ ಆಗುವ ದೊಡ್ಡ ಅನ್ಯಾಯ. ಬಸ್ ಇಲ್ಲದ ಊರಿನ ತಾಯಿಗೆ "ನಿಮ್ಮ ಮನೋಭಾವ ಬದಲಾಗಬೇಕು" ಅಂತ ಭಾಷಣ ಮಾಡೋಕೆ ನನಗಂತೂ ಬಾಯಿ ಬರೋದಿಲ್ಲ. ಅಲ್ಲೇ ಅರ್ಜಿ ಬರೆದೆವು. ಕಾಳಿನ ಲೆಕ್ಕ ಅರ್ಜಿಯೊಳಗೇ ಸೇರಿಸಿದೆವು. ಸಹಿ, ಹೆಬ್ಬೆಟ್ಟು ಊರಿನವರದ್ದೇ. ಬಸ್ ಬರುವ ತನಕ ಹುಡುಗಿಯರನ್ನು ಗುಂಪಾಗಿ ಕಳಿಸೋಣ, ಜೊತೆಗೆ ದಿನಕ್ಕೊಬ್ಬರು ದೊಡ್ಡವರು ಹೋಗಲಿ ಅಂತ ತಾಯಂದಿರೇ ಗೊತ್ತು ಮಾಡಿಕೊಂಡರು. ನಾವು ಅದನ್ನು ಹೇಳಿಕೊಟ್ಟಿರಲಿಲ್ಲ. ಎಷ್ಟು ಮಂದಿ ಓದು ಮುಂದುವರಿಸುತ್ತಾರೆ ಅಂತ ಈಗಲೇ ಹೇಳೋಕೆ ಆಗೋದಿಲ್ಲ. ಹಾಜರಿ ಪುಸ್ತಕ ನೋಡುತ್ತಿದ್ದೇವೆ.

ಈಗ ಪಕ್ಕದ ಊರಿನವರು, ಆ ಊರಿನ ಲೆಕ್ಕವನ್ನೇ ನಮ್ಮಲ್ಲೂ ಬಂದು ಓದ್ರಿ ಅಂತ ಕರೆದಿದ್ದಾರೆ. ಅದು ಆಗದು ಅಂದಿದ್ದೇನೆ. ಅವರ ಮಾತು ಅವರ ಗಡಿಗೆಯಿಂದಲೇ ಬರಬೇಕು. ಹತ್ತಿ ಬಿಡಿಸೋದು ಮುಗಿದ ಮೇಲೆ ಹೋಗುತ್ತೇವೆ. ಈಗ ಹೆಂಗಸರು ಹೊಲದಿಂದ ಬರೋದೇ ಕತ್ತಲಾದ ಮೇಲೆ.