ವ್ಯಾನಿನ ಹಾಸಿಗೆ ಬಿಸಿಲಿಗೆ ಹಾಕೋದನ್ನೂ ಹೇಳಿಕೊಡಬೇಕಾ?

ಕಳೆದ ಸೋಮವಾರ ಬೆಳಿಗ್ಗೆ ಮೊಮ್ಮಗ ಬಂದು, "ಆಯಿ, ವ್ಯಾನಿನ್ಯಾಗ ಏನೋ ವಾಸನಿ ಬರಾಕತ್ತೈತಿ, ಇಲಿ ಸತ್ತೈತೇನ ನೋಡು ಬಾ" ಅಂದ. ಹೋಗಿ ಹಿಂದಿನ ಬಾಗಿಲು ಎತ್ತಿದೆ. ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ. ಹಾಸಿಗೆಯ ವಾಸನೆ ಅದು. ಫೋಮಿನ ಗಾದಿ ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬೂಷ್ಟು. ಮೂರು ವಾರದ ಹಿಂದೆ ಲಕ್ಕುಂಡಿಗೆ ಹೋಗಿ ಬಂದವರು, ಹಾಸಿದ್ದನ್ನು ಹಾಸಿದ ಹಾಗೇ ಬಿಟ್ಟು, ಗಾಜು ಏರಿಸಿ, ಬೀಗ ಹಾಕಿ ಮಲಗಿಬಿಟ್ಟಿದ್ದರು. ಹೋಗುವಾಗಿನ ಹುರುಪು ಬಂದ ಮೇಲೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ನಮ್ಮ ಧಾರವಾಡದ ಓಣಿಯಲ್ಲೇ ಈಗ ಮೂರು ಮನೆಯವರು ಸಣ್ಣ ವ್ಯಾನು ತಗೊಂಡು ಹಿಂದಿನ ಸೀಟು ತೆಗೆಸಿ ಮಲಗುವ ಹಾಗೆ ಮಾಡಿಸಿಕೊಂಡಿದ್ದಾರೆ. ಮಾಡಿಸಲಿ, ಒಳ್ಳೆಯದೇ. ಆದರೆ ಸೀಟು ತೆಗೆಸುವ ಮುಂಚೆ ಆರ್‌ಟಿಓದಲ್ಲಿ ಕೇಳಿ, ಆರ್‌ಸಿಯಲ್ಲಿ ಬರೆಸಲೇಬೇಕು. ಶನಿವಾರ ಹೊರಟು ಭಾನುವಾರ ಮನೆಗೆ ಬರುವವರಿಗೆ ನಮ್ಮ ಸೀಮೆಯಲ್ಲಿ ನೋಡೋದಕ್ಕೇನು ಕಡಿಮೆಯೇ? ಗದಗ ದಾಟಿದರೆ ಲಕ್ಕುಂಡಿ, ಅಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಇನ್ನೂ ಸ್ವಲ್ಪ ಮುಂದೆ ಹೋದರೆ ಇಟಗಿಯ ಮಹಾದೇವ ಗುಡಿ, ಅದು 1112ರದ್ದು. ಹಾವೇರಿ ಕಡೆ ತಿರುಗಿದರೆ ಬಂಕಾಪುರದ ಕೋಟೆ, ಒಳಗೆ ಅರವತ್ತು ಕಂಬದ ಗುಡಿ, ಸುತ್ತ ನವಿಲು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತು ಹಿಮಾಲಯದ ಆಚೆಯಿಂದ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಕೆರೆ-ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೋಗಿ ನೋಡಿ ಬನ್ನಿ. ಬಂದ ಮೇಲೆ ಮಾತ್ರ ನಾನು ಹೇಳಿದ ಹಾಗೆ ಮಾಡಿ.

ಇದೆಲ್ಲ ಹೊಸದು ಅಂತ ಹುಡುಗರು ತಿಳಿದಿದ್ದಾರೆ. ನಾವು ಚಿಕ್ಕವರಿದ್ದಾಗ ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡೇ ಹೋಗುತ್ತಿದ್ದೆವು. ದಾರಿಯಲ್ಲಿ ಒಂದು ರಾತ್ರಿ ತಂಗುತ್ತಿದ್ದೆವು. ಬಂಡಿಯಲ್ಲೇ ಮಲಗೋದು, ಮೂರು ಕಲ್ಲು ಹೂಡಿ ಅಡುಗೆ ಮಾಡೋದು, ಬುತ್ತಿ ಬಿಚ್ಚೋದು. ಅಪ್ಪ ಬಂಡಿಯ ತಳದಲ್ಲಿ ಮೊಣಕಾಲಿನಷ್ಟು ಒಣ ಹುಲ್ಲು ತುಂಬಿ, ಮೇಲೆ ಗೋಣಿ ತಟ್ಟು ಹಾಸಿ, ಅದರ ಮೇಲೆ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ ಹಾಕುತ್ತಿದ್ದ. ಹುಲ್ಲು ಎತ್ತಿನ ಮೇವಿಗೆ ಅಂತ ನಾನು ತಿಳಿದಿದ್ದೆ. ಬೆಳಗಿನ ಜಾವ ಇಬ್ಬನಿ ಬಿದ್ದು ಬಂಡಿಯ ಹಲಗೆ ತೊಯ್ದಿದ್ದರೂ ನಮ್ಮ ಬೆನ್ನಿಗೆ ತಂಪು ತಾಗುತ್ತಿರಲಿಲ್ಲ. ಮಧ್ಯೆ ಗಾಳಿ ಆಡುತ್ತಿತ್ತಲ್ಲ, ಅದಕ್ಕೆ. ಊರಿಗೆ ವಾಪಸ್ ಬಂದರೆ ಅಪ್ಪ ಮೊದಲು ಎತ್ತಿನ ಕೊರಳು ಬಿಚ್ಚಿ ನೀರು ತೋರಿಸಿ, ಬಂಡಿ ಗುಡಿಸಿ, ಗಾಲಿಗೆ ಕೀಲೆಣ್ಣೆ ಹಾಕಿಯೇ ಮನೆಯ ಒಳಗೆ ಕಾಲಿಡುತ್ತಿದ್ದ. ಅವ್ವ ಅಷ್ಟರಲ್ಲಿ ಕೌದಿ ಕೊಡವಿರುತ್ತಿದ್ದಳು.

ಈಗ ವ್ಯಾನಿನ ಹಾಸಿಗೆಗೆ ಬರೋಣ. ಇದೇ ಮುಖ್ಯ, ಉಳಿದದ್ದೆಲ್ಲ ಇದರ ನಂತರ.

ಇಬ್ಬರು ಮುಚ್ಚಿದ ವ್ಯಾನಿನಲ್ಲಿ ಮಲಗಿದರೆ ಬೆಳಿಗ್ಗೆ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ, ನೋಡಿದ್ದೀರಲ್ಲ? ಅದು ನಿಮ್ಮ ಉಸಿರಿನ ಪಸೆ. ಗಾಜಿನ ಮೇಲೆ ಕಂಡಷ್ಟೇ ಅಲ್ಲ, ಗಾದಿಯನ್ನು ದಾಟಿ ಕೆಳಗಿನ ತಣ್ಣನೆ ತಗಡಿಗೂ ಹಲಗೆಗೂ ಇಳಿಯುತ್ತದೆ. ಅಲ್ಲಿ ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಹಲಗೆಯ ಮೇಲೆ ಫೋಮು ನೇರವಾಗಿ ಹಾಕಿದರೆ ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ? ಅದಕ್ಕೆ ಮಲಗುವಾಗ ಎದುರುಬದುರು ಎರಡು ಗಾಜು, ಒಂದು ಮುಂದಿನದು ಒಂದು ಹಿಂದಿನದು, ಎರಡು ಬೆರಳಿನಷ್ಟು ಇಳಿಸಿಡಿ. ಚಳಿ ಆಗುತ್ತದೆ ಅಂತ ಮುಚ್ಚಬೇಡಿ, ಇನ್ನೊಂದು ಕೌದಿ ಹೊದ್ದುಕೊಳ್ಳಿ. ಸೊಳ್ಳೆಗೆ ಹಳೆ ಸೊಳ್ಳೆಪರದೆ ಕತ್ತರಿಸಿ ಆ ಸಂದಿಗೆ ಸಿಕ್ಕಿಸಿದರೆ ಆಯಿತು.

ಬಡಗಿಗೆ ಹೇಳಿ ಪ್ಲೈವುಡ್ ಮೇಲೆ ಮರದ ರೀಪು ಅಡ್ಡ ಹೊಡೆಸಿ. ರೀಪು ರೀಪಿನ ನಡುವೆ ಕಿರುಬೆರಳು ಹೋಗುವಷ್ಟು ಸಂದಿ ಇರಲಿ. ನಮ್ಮಪ್ಪನ ಹುಲ್ಲಿನ ಕೆಲಸವನ್ನು ಇದು ಮಾಡುತ್ತದೆ. ಅದರ ಮೇಲೆ ಗೋಣಿ ತಟ್ಟು. ಸೆಣಬಿನ ಗೋಣಿಯೇ ಬೇಕು, ಜೋಳದ್ದೋ ಕಡಲೆಯದ್ದೋ, ಒಮ್ಮೆ ತೊಳೆದು ಒಣಗಿಸಿದ್ದು. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಚ್ಚಿ ಹಾಸಿದ್ದನ್ನೂ ನಾನು ನೋಡಿದ್ದೇನೆ. ಅದು ಉಸಿರಾಡುವುದಿಲ್ಲ ಕಣ್ರಪ್ಪಾ, ಅದನ್ನು ಹಾಸೋದೂ ಒಂದೇ ಹಾಸದೇ ಇರೋದೂ ಒಂದೇ. ಗೋಣಿಯ ಮೇಲೆ ಎರಡು ಮೂರು ಕೌದಿ. ಫೋಮು ಬೇಡ. ಬೆನ್ನು ನೋಯುತ್ತದೆ ಅಂತ ಸೊಸೆ ತಕರಾರು ತೆಗೆದಳು. ಮೂರನೇ ಕೌದಿ ಹಾಕಿಕೊಟ್ಟ ಮೇಲೆ ಸುಮ್ಮನಾದಳು.

ಕೌದಿ ಅಂದರೆ ಹತ್ತಿ ಸೀರೆ, ಹಳೆ ಧೋತರದ್ದು. ನಮ್ಮತ್ತೆ ಒಂದು ಕೌದಿಗೆ ಆರು ಸೀರೆ ಒಳಗೆ ಕೊಟ್ಟು, ಬೆರಳಿನಷ್ಟು ಅಂತರಕ್ಕೊಂದು ಸಾಲು ದಾರ ಹಾಕುತ್ತಿದ್ದರು. ಅವರು ಹೊಲಿದ ಒಂದು ಕೌದಿಯಲ್ಲಿ ಅವರದೇ ಇಳಕಲ್ ಸೀರೆಯ ದಡಿ ಇದೆ, ಈಗಲೂ ಬಣ್ಣ ಮಾಸಿಲ್ಲ. ಅದನ್ನು ವ್ಯಾನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಈಗ ಓಣಿಗೆ ಕೌದಿ ಹೊಲಿಯಲು ಬರುವವರಿಗೆ ಮನೆಯಲ್ಲಿರುವ ಪಾಲಿಸ್ಟರ್ ಸೀರೆ ಎತ್ತಿ ಕೊಡುತ್ತಾರೆ. ಅದು ಬೆವರು ಹೀರುವುದಿಲ್ಲ, ರಾತ್ರಿ ಎಲ್ಲ ಜಾರುತ್ತದೆ. ಕೊಡೋದಾದರೆ ಹತ್ತಿಯದೇ ಕೊಡಿ.

ಮನೆಗೆ ಬಂದ ಕೂಡಲೇ, ಚಹಾಕ್ಕೂ ಮೊದಲು, ಕೌದಿ ಹೊರಗೆ ಬರಬೇಕು. ಭಾನುವಾರ ರಾತ್ರಿ ಬಂದಿರೋ? ಆಗ ಮಾಳಿಗೆಗೆ ಒಯ್ಯಬೇಡಿ, ಇಬ್ಬನಿ ಕುಡಿಯುತ್ತದೆ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಂದರ ಮೇಲೊಂದು ಬೀಳದ ಹಾಗೆ ಹಾಕಿ, ಫ್ಯಾನು ಬಿಡಿ. ಮಾರನೇ ದಿನ ಬಿಸಿಲು ಚುರುಕಾದ ಮೇಲೆ ಮಾಳಿಗೆಗೆ. ಹಾಕಿದ ತಕ್ಷಣ ಬಡಿಯಬೇಡಿ. ಎಲ್ಲರೂ ಅದೇ ತಪ್ಪು ಮಾಡುತ್ತಾರೆ. ಹಸಿ ಇದ್ದಾಗ ಬಡಿದರೆ ಧೂಳು ಹೊರಗೆ ಬರುವುದಿಲ್ಲ, ನೂಲಿನೊಳಗೆ ಕೂತು ಬಿಡುತ್ತದೆ. ಒಂದು ಕಡೆ ಕಾದ ಮೇಲೆ, ನಡು ಮಧ್ಯಾಹ್ನಕ್ಕೆ, ಮಗುಚಿ ಹಾಕಿ. ಇನ್ನೊಂದು ಕಡೆಯೂ ಕಾಯಲಿ. ಆಮೇಲೆ ಬೆತ್ತ ತಗೊಂಡು ಹಿಂಬದಿಯಿಂದ, ಮೇಲಿನಿಂದ ಕೆಳಕ್ಕೆ ಬಡಿಯುತ್ತಾ ಬನ್ನಿ. ಎಷ್ಟು ಸಲ ಅಂತ ಕೇಳಬೇಡಿ. ಧೂಳು ಏಳುವುದು ನಿಂತಾಗ ನೀವೂ ನಿಲ್ಲಿಸಿ.

ಒಣಗಿದೆಯೋ ಇಲ್ಲವೋ ಅನ್ನೋದನ್ನು ಕೈಯಿಂದ ನೋಡಿದರೆ ತಿಳಿಯುವುದಿಲ್ಲ. ನಮ್ಮ ಕೈ ಮುಸುರೆ ತಿಕ್ಕಿ ಒರಟಾಗಿರುತ್ತದೆ. ಕೌದಿಯ ಮೂಲೆಯನ್ನು, ತೇಪೆ ಹಾಕಿ ದಪ್ಪಗಾದ ಜಾಗವನ್ನು, ಕೆನ್ನೆಗೆ ಒತ್ತಿ ಹಿಡಿಯಿರಿ. ಪಸೆ ಇದ್ದರೆ ಕೆನ್ನೆಗೆ ತಣ್ಣಗೆ ತಾಗುತ್ತದೆ. ನಡುಭಾಗ ಒಣಗಿದ್ದರೂ ಮೂಲೆ ಮೋಸ ಮಾಡುತ್ತದೆ, ನಾಲ್ಕೂ ಮೂಲೆ ನೋಡಬೇಕು. ನಮ್ಮತ್ತೆ ನಾನು ಮಡಚಿಟ್ಟ ಕೌದಿಯನ್ನು ಬಿಚ್ಚಿಸಿ ಮೂಲೆ ನೋಡಿ, ತಣ್ಣಗಿದ್ದರೆ ಮತ್ತೆ ಮಾಳಿಗೆ ಹತ್ತಿಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಆದರೆ ನಲವತ್ತು ವರ್ಷದಲ್ಲಿ ನಮ್ಮ ಮನೆಯ ಒಂದು ಕೌದಿಗೂ ಬೂಷ್ಟು ಹಿಡಿದಿಲ್ಲ.

ಒಣಗಿದ ಮೇಲೂ ಅವಸರ ಬೇಡ. ಬಿಸಿಲು ಇಳಿಯುವ ಮುಂಚೆ ಒಳಗೆ ತಂದು ನೆರಳಲ್ಲಿ ಹರವಿ, ಕಾವು ಪೂರ್ತಿ ಆರಲಿ. ಬಿಸಿ ಇದ್ದಾಗಲೇ ಮಡಚಿದರೆ ಒಳಗೇ ಬೆವರುತ್ತದೆ. ಬ್ಯಾಡಗಿ ಮೆಣಸಿನಕಾಯಿಯದ್ದೂ ಇದೇ ಮಾತು. ವರ್ಷದ ಖಾರಕ್ಕೆ ಅಂತ ಒಣಗಿಸಿ, ಬಿಸಿಲಿನಿಂದ ಎತ್ತಿದ್ದೇ ಸುಡುಸುಡು ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಎರಡು ತಿಂಗಳಿಗೆ ತೊಟ್ಟಿನ ಹತ್ತಿರ ಬೂಷ್ಟು, ಬಣ್ಣವೂ ಕಪ್ಪು. ಆಮೇಲೆ ಕಾಯಿ ಸರಿ ಇರಲಿಲ್ಲ ಅಂತ ಸಂತೆಯವರನ್ನು ಬೈಯುತ್ತಾರೆ. ರಾತ್ರಿ ಮೊರದಲ್ಲಿ ಹರವಿ ಆರಿಸಿ, ಬೆಳಿಗ್ಗೆ ಅಲುಗಿಸಿದರೆ ಬೀಜ ಗಲಗಲ ಅನ್ನಬೇಕು, ಆಗ ತುಂಬಿ.

ಕೌದಿ ಮಡಚುವಾಗ ಪ್ರತಿ ಸಲ ಒಂದೇ ಮಡಿಕೆಗೆ ಮಡಚಬೇಡಿ, ಅಲ್ಲೇ ನೂಲು ಹರಿಯುತ್ತದೆ. ಈ ಸಲ ಎರಡು ಮಡಿಕೆ, ಮುಂದಿನ ಸಲ ಮೂರು. ನಡುವೆ ಬೇವಿನ ಎಲೆ ಇಡಿ. ಹಸಿ ಎಲೆ ಬೇಡ, ಕಲೆ ಆಗುತ್ತದೆ. ನೆರಳಲ್ಲಿ ಒಣಗಿಸಿ, ಹಿಡಿ ಹಿಡಿ ಎಲೆ ಹಳೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಬೇಕು. ಇಷ್ಟೆಲ್ಲ ಮಾಡಿ ಮತ್ತೆ ಒಯ್ದು ವ್ಯಾನಿನಲ್ಲಿ ಇಡಬೇಡಿ. ಕೌದಿಯ ಜಾಗ ಮನೆಯ ಅಟ್ಟ. ವ್ಯಾನಿನ ಗೋಣಿ ತಟ್ಟನ್ನೂ ತೆಗೆದು ಬಿಸಿಲಿಗೆ ಹಾಕಿ, ರೀಪಿನ ಸಂದಿಯಲ್ಲಿ ಸಣ್ಣ ಪೊರಕೆ ಆಡಿಸಿ, ಒಂದು ದಿನ ಬಾಗಿಲು ತೆರೆದಿಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನೀರಿನ ಕ್ಯಾನು ಪೂರ್ತಿ ಖಾಲಿ ಮಾಡಿ, ಮುಚ್ಚಳ ತೆಗೆದು, ಬೋರಲು ಹಾಕಿ. ಅರ್ಧ ನೀರು ಬಿಟ್ಟು ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿ ಕಟ್ಟುತ್ತದೆ. ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ ಕೂತಿದ್ದರೆ ತಂತಿ ಬಿಚ್ಚಿ, ಮೊದಲು ಮೈನಸ್ ಕಡೆಯದು, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಬ್ರಶ್ಶಿನಿಂದ ತಿಕ್ಕಿ ಒರೆಸಿ, ತಂತಿ ಹಾಕಿದ ಮೇಲೆ ವ್ಯಾಸಲೀನ್ ಸವರಿ. ವಾರಕ್ಕೊಮ್ಮೆ ವ್ಯಾನು ಓಡಿಸಿ. ಮನೆ ಮುಂದೆ ನಿಲ್ಲಿಸಿ ಐದು ನಿಮಿಷ ಗುರ್ ಅನಿಸಿದರೆ ಬ್ಯಾಟರಿ ತುಂಬುವುದಿಲ್ಲ, ಉಣಕಲ್ ಕೆರೆಯ ತನಕ ಹೋಗಿ ಬನ್ನಿ. ಟೈರಿನ ಗಾಳಿ ಬೆಳಿಗ್ಗೆ ಗಾಲಿ ತಣ್ಣಗಿರುವಾಗ ನೋಡಿಸಬೇಕು. ಸ್ಟೆಪ್ನಿಯದೂ ನೋಡಿಸಿ. ಅದನ್ನು ಯಾರೂ ನೋಡುವುದಿಲ್ಲ, ಬೇಕಾದ ದಿನ ಚಪ್ಪಟೆಯಾಗಿರುತ್ತದೆ.

ತಿನ್ನುವುದರ ಚೂರು ಒಳಗೆ ಬಿಡಬೇಡಿ. ಹೋದ ವರ್ಷ ಸೀಟಿನ ಕೆಳಗೆ ಉಳಿದ ಅರ್ಧ ಪೊಟ್ಟಣ ಚುರುಮುರಿಗೆ ಬಂದ ಇಲಿ, ಚುರುಮುರಿ ತಿಂದು ವೈರನ್ನೂ ಕಡಿದು ಹೋಗಿತ್ತು. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಗಟ್ಟಿ ಮೊಸರಿನ ಡಬ್ಬಿ ಕಟ್ಟಿಕೊಂಡರೆ ಒಲೆ ಹಚ್ಚುವ ಪ್ರಸಂಗವೇ ಜಾಸ್ತಿ ಬರುವುದಿಲ್ಲ.

ಒಲೆ ಹಚ್ಚಲೇಬೇಕು ಅಂದರೆ ವ್ಯಾನಿನ ಹೊರಗೆ, ನೆಲದ ಮೇಲೆ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಗದಗ ಸೀಮೆಯ ಗಾಳಿಗೆ ಒಲೆ ನಿಲ್ಲುವುದಿಲ್ಲ ಅಂತ ಒಳಗೆ ಹಚ್ಚಿ ಗಾಜು ಮುಚ್ಚುವ ಹುಡುಗರಿದ್ದಾರೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ, ನೀವು ಮಲಗುವ ಜಾಗದಲ್ಲೇ. ಉರಿಯುವ ಒಲೆಯೂ ಮುಚ್ಚಿದ ಜಾಗದಲ್ಲಿ ವಿಷದ ಗಾಳಿ ಮಾಡುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಗಾಳಿಗೆ ಒಂದು ಹಲಗೆ ಅಡ್ಡ ಇಟ್ಟು ಹೊರಗೇ ಮಾಡಿ. ಹೊರಡುವ ಮುಂಚೆ ಪೈಪಿಗೆ ಸಾಬೂನಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಓಮ್ನಿ, ಈಕೋದಂಥ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುತ್ತದೆ, ಅಲ್ಲಿ ಕಾವು. ಸಿಲಿಂಡರನ್ನು ಆ ಸೀಟಿನ ಹಿಂದೆ ಒತ್ತಿ ಇಡಬೇಡಿ.

ರಾತ್ರಿ ನಿಲ್ಲಿಸುವಾಗ ಆ ಊರಿನವರನ್ನು ಒಂದು ಮಾತು ಕೇಳಿ, ಗುಡಿಯ ಬಯಲೋ ಪೆಟ್ರೋಲ್ ಬಂಕೋ ತೋರಿಸುತ್ತಾರೆ. ನೆಲವನ್ನೂ ನೋಡಬೇಕು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಆದರೆ ಚಿಂತೆ ಇಲ್ಲ. ಎರಿ, ಅಂದರೆ ಕರಿ ಮಣ್ಣಿನ ನೆಲಕ್ಕೆ ಇಳಿಸಲೇಬೇಡಿ, ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಸರಿ. ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಗಾಲಿ ಅರ್ಧ ಒಳಗೆ. ಹುಗಿದರೆ ಜೋರಾಗಿ ಆಕ್ಸಿಲರೇಟರ್ ತುಳಿಯಬೇಡಿ, ಇನ್ನೂ ಕೆಳಗೆ ಇಳಿಯುತ್ತದೆ. ಗೋಣಿ ತಟ್ಟನ್ನೇ ಗಾಲಿಯ ಮುಂದೆ ಹಾಸಿ ಮೆಲ್ಲಗೆ ಎತ್ತಿ. ಮನೆಗೆ ಬಂದ ಮೇಲೆ ಗಾಲಿಯ ಮೇಲಿನ ಕಮಾನಿನೊಳಗೆ ಅಂಟಿದ ಎರಿ ಮಣ್ಣನ್ನು ಕಲ್ಲಾಗುವ ಮುಂಚೆ ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೊಳೆಯಿರಿ. ಅದು ಪಸೆ ಹಿಡಿದಿಟ್ಟುಕೊಂಡು ತಗಡಿಗೆ ತುಕ್ಕು ತರುತ್ತದೆ.

ಮೊಮ್ಮಗ ಫೋಮು ಬಿಸಾಕಿ ರೀಪು ಹೊಡೆಸಿಕೊಂಡು ಬಂದಿದ್ದಾನೆ. ಸಂದಿ ಸ್ವಲ್ಪ ದೊಡ್ಡದಾಗಿದೆ, ಇರಲಿ. ಮುಂದಿನ ಸಲ ಹೊರಡುವ ಹಿಂದಿನ ದಿನ ಮುಚ್ಚಿದ ಬಾಗಿಲು ತೆರೆದು ಮೂಗು ಒಳಗೆ ಹಾಕಿ ನೋಡು ಅಂತ ಹೇಳಿದ್ದೇನೆ. ಏನೂ ವಾಸನೆ ಬರಬಾರದು. ಬಂದರೆ ಮೊದಲು ಮೂಲೆಯ ರೀಪಿನ ಕೆಳಗೆ ಕೈ ಹಾಕಿ ನೋಡಬೇಕು.