ಬಿ.ಎಡ್.ಗೆ ಹಾಕಿದ ದುಡ್ಡು ಯಾವಾಗ ಮರಳುತ್ತದೆ?

ಬಿ.ಎಡ್. ಬಗ್ಗೆ ವಿಚಾರಿಸುವವರೆಲ್ಲ ಮೊದಲು ಕೇಳುವುದು ಫೀಸು ಎಷ್ಟು ಎಂದು. ನನ್ನ ಲೆಕ್ಕದಲ್ಲಿ ಫೀಸು ಸಣ್ಣ ಬಾಬತ್ತು. ದೊಡ್ಡ ಬಾಬತ್ತು ಯಾವ ರಸೀದಿಯಲ್ಲೂ ಕಾಣಿಸುವುದಿಲ್ಲ.

2021ರಲ್ಲಿ ಕೋರ್ಸಿಗೆ ಸೇರುವ ಮೊದಲು ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಸಹಕಾರಿ ಸಂಘವೊಂದರಲ್ಲಿ ತಾತ್ಕಾಲಿಕ ಗುಮಾಸ್ತಳಾಗಿದ್ದೆ. ಗಣಿತದಲ್ಲಿ ಬಿ.ಎಸ್ಸಿ. ಆಗಿತ್ತು, ಸಂಬಳ ತಿಂಗಳಿಗೆ 13,000 ರೂಪಾಯಿ. ಅಪ್ಪ ಅಡಿಕೆ ತೋಟದ ಜಮಾ-ಖರ್ಚು ಬರೆದಿಡುವ ಉದ್ದನೆಯ ಪುಸ್ತಕದಿಂದ ಎರಡು ಹಾಳೆ ಕೇಳಿ ತೆಗೆದುಕೊಂಡು ಒಂದರಲ್ಲಿ ಹೋಗುವುದನ್ನೂ ಇನ್ನೊಂದರಲ್ಲಿ ಬರುವುದನ್ನೂ ಬರೆದೆ. ಸರಕಾರಿ ಸೀಟು ಸಿಗಲಿಲ್ಲ. ಸರಕಾರದ ಅನುದಾನವಿಲ್ಲದ ಸ್ವಾಶ್ರಯ ಕಾಲೇಜಿನ ಎರಡು ವರ್ಷದ ಫೀಸು, ಪರೀಕ್ಷಾ ಶುಲ್ಕ, ಬಸ್ಸು, ರೆಕಾರ್ಡ್ ಪುಸ್ತಕ, ಚಾರ್ಟು, ಪಾಠೋಪಕರಣ, ಅಭ್ಯಾಸ ಬೋಧನೆಗೆ ಉಡಬೇಕಾದ ಒಂದೇ ಬಣ್ಣದ ಸೀರೆಗಳು ಎಲ್ಲ ಸೇರಿ 1,25,000 ರೂಪಾಯಿಯೊಳಗೆ ಮುಗಿಯುತ್ತದೆ ಎಂದು ಅಂದಾಜಿಸಿದ್ದೆ, ಹಾಗೆಯೇ ಮುಗಿಯಿತು. ಅದರ ಕೆಳಗೆ, ಕೆಲಸ ಬಿಟ್ಟದ್ದರಿಂದ ಕೈತಪ್ಪುವ 24 ತಿಂಗಳ ಸಂಬಳ ಬರೆದೆ: 3,12,000. ಒಟ್ಟು 4,37,000. ಅದನ್ನು ನೋಡಿ ಅಪ್ಪ, "ಬಾರದ ದುಡ್ಡನ್ನೂ ಖರ್ಚಿಗೆ ಬರೆಯುವುದು ಎಲ್ಲಿಯ ಪದ್ಧತಿ?" ಎಂದರು. ಎರಡು ಹಂಗಾಮು ಕೊಳೆರೋಗಕ್ಕೆ ಹೋದರೆ ನೀವು ನಷ್ಟ ಎನ್ನುವುದಿಲ್ಲವೇ ಎಂದು ಕೇಳಿದೆ. ಆಮೇಲೆ ಅವರು ಆ ಸಾಲನ್ನು ಹೊಡೆಯಲಿಲ್ಲ.

ನನ್ನ ದೊಡ್ಡಮ್ಮನ ಮಗಳು ಬಿ.ಎಡ್. ಮಾಡುವಾಗ ಅದು ಒಂದೇ ವರ್ಷದ ಕೋರ್ಸು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದಾಗಿ 2015ರಿಂದ ಎರಡು ವರ್ಷವಾಯಿತು. ಇಪ್ಪತ್ತು ವಾರ ಶಾಲೆಗಳಲ್ಲೇ ತರಬೇತಿ, ಅದಕ್ಕೆ ಸಂಬಳವಿಲ್ಲ. ಕಲಿಯಲು ಅದೇ ಒಳ್ಳೆಯದು, ನಿಜ. ಆದರೆ ಕೈತಪ್ಪುವ ಸಂಬಳ ಇಮ್ಮಡಿಯಾದದ್ದೂ ಅಷ್ಟೇ ನಿಜ.

ಇನ್ನು ಬರುವ ಹಾಳೆ. ಇಲ್ಲಿ ಬಿ.ಎಡ್. ಎಂದರೆ ಒಂದು ಆದಾಯವಲ್ಲ, ಮೂರು ಬೇರೆ ಬೇರೆ ಆದಾಯ.

ಮೊದಲನೆಯದು ದಿನವೇತನ. ನಾನು ಈಗಲೂ ಇರುವುದು ಅದರಲ್ಲೇ. 2023ರ ಜೂನಿನಲ್ಲಿ ಸರಕಾರಿ ಹೈಸ್ಕೂಲೊಂದಕ್ಕೆ ಸೇರಿದಾಗ ದಿನಕ್ಕೆ 1,100 ರೂಪಾಯಿ. ಕೇಳಲು ದೊಡ್ಡದು, ಆದರೆ ಕೆಲಸ ಮಾಡಿದ ದಿನಕ್ಕೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಏನೂ ಇಲ್ಲ. ಓಣಂ, ಕ್ರಿಸ್ಮಸ್ ರಜೆಗಳಿಗೂ ಇಲ್ಲ. ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಮಕ್ಕಳು ಕುಣಿಯುತ್ತಾರೆ, ನಾನು ಕ್ಯಾಲೆಂಡರ್ ನೋಡುತ್ತೇನೆ. ವರ್ಷಕ್ಕೆ 185 ದಿನ ಹಿಡಿದರೆ 2,03,500 ರೂಪಾಯಿ. ಹಳೆಯ ಕೆಲಸದಲ್ಲೇ ಇದ್ದಿದ್ದರೆ 1,56,000. ಹೆಚ್ಚಾದದ್ದು 47,500. ಇದರಿಂದಲೇ 4,37,000 ಮರಳಬೇಕಾದರೆ ಒಂಬತ್ತು ವರ್ಷ ದಾಟಬೇಕು, ಅದೂ ಪ್ರತಿ ಜೂನಿನಲ್ಲಿ ಹೊಸದಾಗಿ ಸಂದರ್ಶನಕ್ಕೆ ಕುಳಿತು ಪ್ರತಿ ಸಲವೂ ಆಯ್ಕೆಯಾದರೆ.

ಎರಡನೆಯದು ಪಿ.ಎಸ್.ಸಿ. (ರಾಜ್ಯದ ಲೋಕಸೇವಾ ಆಯೋಗ) ಮೂಲಕ ಸಿಗುವ ಖಾಯಂ ಹುದ್ದೆ. 2021ರ ವೇತನ ಪರಿಷ್ಕರಣೆಯಂತೆ ಹೈಸ್ಕೂಲ್ ಅಧ್ಯಾಪಕರ ಶ್ರೇಣಿ 41,300–87,000. ತುಟ್ಟಿಭತ್ಯೆ ಬಿಟ್ಟು ಮೂಲ ವೇತನವನ್ನಷ್ಟೇ ಹಿಡಿದರೂ ಹಳೆಯ ಸಂಬಳಕ್ಕಿಂತ ತಿಂಗಳಿಗೆ 28,300 ಹೆಚ್ಚು. 2013ರ ಏಪ್ರಿಲ್ ನಂತರ ಸೇರಿದವರಿಗೆ ಪಾಲುದಾರಿಕೆ ಪಿಂಚಣಿಗೆ ಶೇ. 10 ಕಡಿತವಿದೆ, ಅದನ್ನೂ ಕಳೆದರೆ ಹಾಕಿದ್ದೆಲ್ಲ ಒಂದೂವರೆ ವರ್ಷದಲ್ಲಿ ಮರಳುತ್ತದೆ. ಒಂದೇ ಪದವಿ, ಒಂದು ದಾರಿಯಲ್ಲಿ ಒಂಬತ್ತು ವರ್ಷ, ಇನ್ನೊಂದರಲ್ಲಿ ಒಂದೂವರೆ. ಹಾಗಾಗಿ ತೂಗಬೇಕಾದದ್ದು ಪದವಿಯನ್ನಲ್ಲ, ಆ ಎರಡನೆಯ ದಾರಿ ನಮಗೆ ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು.

ಕನ್ನಡ ಮಾಧ್ಯಮದವರಿಗೆ ಇಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್‌ನಲ್ಲಿ ಹೈಸ್ಕೂಲಿಗಿರುವುದು ಮೂರನೇ ವಿಭಾಗ; ಅದಕ್ಕೆ ಒಟ್ಟು 150 ಅಂಕ, ಅದರಲ್ಲಿ ಭಾಷೆಗೆ ಮೂವತ್ತು. ಆ ಭಾಷೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ಕನ್ನಡ ಮಾಧ್ಯಮದ ಹುದ್ದೆಗೆ ಸ್ಪರ್ಧಿಗಳು ಮಲಯಾಳಂ ಮಾಧ್ಯಮದ ಹುದ್ದೆಗಿಂತ ಬಹಳ ಕಡಿಮೆ. ಆದರೆ ಹುದ್ದೆಗಳೂ ಹಾಗೆಯೇ. ಪಿ.ಎಸ್.ಸಿ. ಪರೀಕ್ಷೆಯ ರ‍್ಯಾಂಕ್ ಪಟ್ಟಿಯ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ. ಅಷ್ಟರೊಳಗೆ ನಮ್ಮ ವಿಷಯದಲ್ಲಿ ಯಾರು ನಿವೃತ್ತರಾಗುತ್ತಾರೆ ಎಂದು ಎಣಿಸುತ್ತ ಕೂರುವುದು ಇಲ್ಲಿಯ ಬಿ.ಎಡ್. ಪದವೀಧರರ ಮುಖ್ಯ ಉದ್ಯೋಗ. ಇರುವ ನಾಲ್ಕು ಹುದ್ದೆಗೂ ಕನ್ನಡ ಬಾರದವರನ್ನು ತಂದು ಕೂರಿಸಿದ ಉದಾಹರಣೆಗಳು ಗಡಿನಾಡಿನಲ್ಲಿ ಯಾರಿಗೂ ಹೊಸತಲ್ಲ. ಅದನ್ನು ನಾನು ಯಾವ ಹಾಳೆಯಲ್ಲಿ ಬರೆಯಲಿ?

ಹುದ್ದೆ ಉಳಿಯುವುದು ಮಕ್ಕಳ ಲೆಕ್ಕದ ಮೇಲೆ. ಶಾಲೆ ತೆರೆದ ಆರನೇ ಕೆಲಸದ ದಿನ ಹಾಜರಿರುವ ಮಕ್ಕಳನ್ನು ಎಣಿಸಿ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂದು ನಿಗದಿ ಮಾಡುತ್ತಾರೆ. ಅದಕ್ಕಾಗಿ ಮೇ ತಿಂಗಳಲ್ಲೇ ನಾವು ಮನೆ ಮನೆಗೆ ಹೋಗುತ್ತೇವೆ. ಹೋದ ವರ್ಷ ಒಂದು ಮನೆಯಲ್ಲಿ ತಾಯಿ ಅಡಿಕೆ ಸುಲಿಯುತ್ತ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡರು. ಉಚಿತ ಪುಸ್ತಕ, ಮಧ್ಯಾಹ್ನದ ಊಟ, ಕನ್ನಡದಲ್ಲಿ ಕಲಿತರೆ ಮಗುವಿಗೆ ಗಣಿತ ಬೇಗ ಹತ್ತುತ್ತದೆ, ಎಲ್ಲವನ್ನೂ ಹೇಳಿದೆವು. ಕೊನೆಗೆ ಅವರು ಕೇಳಿದ್ದು ಒಂದೇ: "ಟೀಚರ್, ವಾಹನ ಅಂಗಳದವರೆಗೆ ಬರುತ್ತದೆಯಾ?" ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಬರುತ್ತದೆ. ನಾವು ಒಂದು ಜೀಪು ಗೊತ್ತು ಮಾಡಿದೆವು; ಅದರ ಬಾಡಿಗೆಗೆ ಅಧ್ಯಾಪಕರೆಲ್ಲ ಕೈಯಿಂದ ಹಾಕುತ್ತೇವೆ. ಖಾಯಂನವರು ನನ್ನ ಪಾಲನ್ನು ಅರ್ಧಕ್ಕೆ ಇಳಿಸಿದ್ದಾರೆ, ಆದರೂ ತಿಂಗಳಿಗೆ ಐನೂರು ರೂಪಾಯಿ ಹೋಗುತ್ತದೆ. ನನ್ನ ಹುದ್ದೆ ಉಳಿಯಲು ನಾನೇ ಕೊಡುವ ಬಾಡಿಗೆ ಅದು. ಎರಡು ಹಾಳೆಯಲ್ಲೂ ಅದು ಇರಲಿಲ್ಲ, ಆಮೇಲೆ ಸೇರಿಸಿದೆ.

ಮೂರನೆಯ ದಾರಿ ಅನುದಾನಿತ ಶಾಲೆ. ಸಂಬಳ ಕೊಡುವುದು ಸರಕಾರ, ನೇಮಿಸುವುದು ಮ್ಯಾನೇಜರ್. ಒಂದು ಕಡೆಯಿಂದ ನನಗೂ ಮಾತು ಬಂತು. ಶಾಲೆಯ ಹೆಸರು ಬೇಡ. ಕೇಳಿದ ಮೊತ್ತ 25 ಲಕ್ಷ. ಶೇ. 9ರ ಬಡ್ಡಿಗೆ ಸಾಲ ತೆಗೆದರೆ ಬಡ್ಡಿಯೇ ತಿಂಗಳಿಗೆ 18,750, ಅಂದರೆ ಮೂಲ ವೇತನದ ಅರ್ಧದ ಹತ್ತಿರ. ಅಸಲು ಹಾಗೆಯೇ ನಿಂತಿರುತ್ತದೆ. ಅದರ ಮೇಲೆ, ಭಿನ್ನಸಾಮರ್ಥ್ಯದವರ ಮೀಸಲಾತಿಯ ತಕರಾರು ಬಗೆಹರಿಯದೆ ರಾಜ್ಯದ ಅನುದಾನಿತ ಶಾಲೆಗಳಲ್ಲಿ ಎಷ್ಟೋ ಜನರ ನೇಮಕಾತಿಗೆ ಪೂರ್ಣ ಮಂಜೂರಾತಿ ಸಿಗದೆ ನಿಂತಿದ್ದ ಕಾಲ ಅದು. ತೋಟದ ತುಂಡು ಮಾರೋಣವೇ ಎಂದು ಅಪ್ಪ ಕೇಳಿದರು. ಬೇಡವೆಂದೆ. ನ್ಯಾಯ-ಅನ್ಯಾಯದ ಮಾತು ಹಾಗಿರಲಿ, ಲೆಕ್ಕಕ್ಕೇ ಅದು ನಿಲ್ಲುವುದಿಲ್ಲ.

ಮಂಗಳೂರಿನಲ್ಲಿ ಬಿ.ಎಡ್. ಮಾಡುವ ಯೋಚನೆ ನನಗೂ ಇತ್ತು. ಕೇರಳದಲ್ಲೇ ಕೆಲಸ ಬೇಕೆನ್ನುವವರು ಸೇರುವ ಮೊದಲು ಆ ಪದವಿಗೆ ಇಲ್ಲಿ ಸಮಾನತಾ ಪತ್ರ ಬೇಕಾಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಗಡಿಯ ತಲಪಾಡಿ ದಾಟಿದರೆ ಕಾಗದಪತ್ರದ ಲೆಕ್ಕವೇ ಬೇರೆ.

ಸದ್ಯ ಸಂಜೆ ಆರರಿಂದ ಎಂಟರವರೆಗೆ ಮನೆಯ ಜಗಲಿಯಲ್ಲಿ ಹತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡುತ್ತೇನೆ. ಬೇಸಿಗೆಯ ಎರಡು ತಿಂಗಳು ನಡೆಯುವುದು ಅದರಿಂದಲೇ. ಸಾಮಾನ್ಯ ವರ್ಗಕ್ಕೆ ಪಿ.ಎಸ್.ಸಿ. ವಯೋಮಿತಿ ನಲವತ್ತು, ನನಗಿನ್ನೂ ಸಮಯವಿದೆ.

ಕಳೆದ ತಿಂಗಳು ಪ್ಲಸ್ ಟು ಮುಗಿಸಿದ ನೆರೆಮನೆಯ ಹುಡುಗಿ ಇದೇ ಪ್ರಶ್ನೆ ಹಿಡಿದು ಬಂದಳು. ಅವಳು ಬಿಡಬೇಕಾದ ಸಂಬಳವಿಲ್ಲ, ಆದ್ದರಿಂದ ನನ್ನ ದೊಡ್ಡ ಬಾಬತ್ತು ಅವಳ ಹಾಳೆಯಲ್ಲಿ ಸೊನ್ನೆ. ಪ್ರಾಥಮಿಕ ಅಧ್ಯಾಪಕರಾಗಲು ಪ್ಲಸ್ ಟು ನಂತರ ಮಾಡುವ ಡಿಪ್ಲೊಮಾ, ಡಿ.ಎಲ್.ಎಡ್., ಎರಡೇ ವರ್ಷ, ಪದವಿಯ ಮೂರ್ನಾಲ್ಕು ವರ್ಷ ಕಾಯಬೇಕಿಲ್ಲ. 2021ರ ಪರಿಷ್ಕರಣೆಯಂತೆ ಪ್ರಾಥಮಿಕ ಅಧ್ಯಾಪಕರ ಶ್ರೇಣಿ 35,600ರಿಂದ ಆರಂಭವಾಗುತ್ತದೆ. ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಹೇಳಿದ ಮೇಲೆ ಆ ಕಡೆ ಡಿ.ಎಲ್.ಎಡ್.ನವರ ನೆಲ ಗಟ್ಟಿಯಾಗಿದೆ. ಮೊದಲು ಅದನ್ನು ಮುಗಿಸು, ಪದವಿಯನ್ನು ಆಮೇಲೆ ದೂರಶಿಕ್ಷಣದಲ್ಲಿ ಮಾಡು ಎಂದೆ. ಅವಳ ತಂದೆಗೆ ಅದು ಹಿಡಿಸಲಿಲ್ಲ. "ಅದೆಲ್ಲ ಸರಿ ಟೀಚರ್, ಸಂಬಂಧ ನೋಡುವವರು ಕೇಳುವುದು ಬಿ.ಎಡ್. ಆಗಿದೆಯಾ ಎಂದಲ್ಲವೇ?" ಎಂದರು. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಹುಡುಗಿ ನನ್ನ ಹಾಳೆಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿದ್ದಾಳೆ.