ಸಹಿಯ ಜಾಡು ಹಿಡಿದು: ಅರ್ಜೆಂಟೀನಾದ ವಿದೇಶಾಂಗ ಸಚಿವರ ಪಟ್ಟಿಯನ್ನು ನಾನು ಸಿದ್ಧಪಡಿಸಿದ ಬಗೆ

ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಓದುವ ವಿದ್ಯಾರ್ಥಿಗಳಿಗೆಂದು ನಾನು ಅರ್ಜೆಂಟೀನಾ ಗಣರಾಜ್ಯದ ವಿದೇಶಾಂಗ ಸಚಿವರ ಪಟ್ಟಿಯೊಂದನ್ನು, ಮುಖ್ಯ ಹೆಸರುಗಳಿಗೆ ಚಿಕ್ಕ ಟಿಪ್ಪಣಿಗಳೊಡನೆ, ಸಿದ್ಧಪಡಿಸಿದೆ. ಇಂಥ ಪಟ್ಟಿ ಮಾಡುವವರು ಸಾಮಾನ್ಯವಾಗಿ ಅಧ್ಯಕ್ಷರ ಹೆಸರುಗಳನ್ನು ಮುಂದಿಟ್ಟುಕೊಂಡು, ಒಬ್ಬೊಬ್ಬರ ಕೆಳಗೂ ಅವರ ಸಂಪುಟದವರನ್ನು ಬರೆಯುತ್ತ ಹೋಗುತ್ತಾರೆ. ಅರ್ಜೆಂಟೀನಾದ ಮಟ್ಟಿಗೆ ಈ ಕ್ರಮ ಮೊದಲ ಅರ್ಧ ಶತಮಾನದಲ್ಲೇ ಕೈಕೊಡುತ್ತದೆ, ಏಕೆಂದರೆ 1810ರಿಂದ 1862ರವರೆಗಿನ ಅವಧಿಯ ಬಹುಭಾಗದಲ್ಲಿ ಇಡೀ ದೇಶ ಒಪ್ಪಿಕೊಂಡ ಅಧ್ಯಕ್ಷರೇ ಅಲ್ಲಿರಲಿಲ್ಲ. ಅಧ್ಯಕ್ಷರಿಲ್ಲದಿದ್ದರೂ ಹೊರದೇಶಗಳೊಡನೆ ಪತ್ರವ್ಯವಹಾರ ನಿಂತಿರಲಿಲ್ಲ; ಒಪ್ಪಂದಗಳಾಗುತ್ತಿದ್ದವು, ಪ್ರತಿಭಟನೆಗಳು ಹೋಗುತ್ತಿದ್ದವು, ಅವುಗಳ ಕೆಳಗೆ ಯಾರೋ ಒಬ್ಬರು ಸಹಿ ಹಾಕುತ್ತಿದ್ದರು. ಆದ್ದರಿಂದ ನಾನು ಅಧ್ಯಕ್ಷರನ್ನು ಬಿಟ್ಟು ಸಹಿಯನ್ನು ಹಿಡಿದೆ.

ಸಹಿಗೆ ಇಷ್ಟು ತೂಕ ಕೊಟ್ಟದ್ದು ನನ್ನ ಇಷ್ಟದಿಂದಲ್ಲ. 1853ರ ಮೇ 1ರಂದು ಅಂಗೀಕಾರವಾದ ಅಲ್ಲಿನ ಸಂವಿಧಾನವು ಐವರು ಸಚಿವರನ್ನು ಗೊತ್ತುಪಡಿಸಿ, ಅಧ್ಯಕ್ಷರ ಆಜ್ಞೆಗಳಿಗೆ ಸಂಬಂಧಪಟ್ಟ ಸಚಿವರ ಸಹಿ ಬೀಳದಿದ್ದರೆ ಅವು ಊರ್ಜಿತವಾಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಹೀಗಾಗಿ ಸರ್ಕಾರಿ ಆಜ್ಞೆಗಳ ಸಂಪುಟಗಳಲ್ಲಿ ಪ್ರತಿ ಆಜ್ಞೆಯ ಕೊನೆಗೆ ಮೊದಲು ಅಧ್ಯಕ್ಷರ ಹೆಸರು, ಅದರ ಕೆಳಗೆ ಸಚಿವರ ಹೆಸರು ಇರುತ್ತದೆ. 1810ರಿಂದ 1873ರವರೆಗಿನ ಆಜ್ಞೆಗಳು ‘ರೆಜಿಸ್ತ್ರೊ ಒಫಿಸಿಯಾಲ್’ ಎಂಬ ಸಂಪುಟಗಳಲ್ಲಿವೆ. 1893ರಿಂದ ‘ಬೊಲೆತಿನ್ ಒಫಿಸಿಯಾಲ್’ ಎಂಬ ರಾಜ್ಯಪತ್ರ ಹೊರಡುತ್ತಿದೆ. ಆಡಳಿತದ ಸ್ಪ್ಯಾನಿಷ್ ಭಾಷೆಯಲ್ಲಿ ಅವೇ ಮಾತುಗಳು ಮತ್ತೆ ಮತ್ತೆ ಬರುವುದರಿಂದ, ನೇಮಕ, ರಾಜೀನಾಮೆ, ಹಂಗಾಮಿ, ಪ್ರಭಾರ ಎಂಬಂಥ ಕೆಲವು ಪದಗಳ ಪರಿಚಯವಾದರೆ ಸಂಪುಟಗಳಲ್ಲಿ ದಾರಿ ಸಿಗುತ್ತದೆ. ನಾನು ಹೆಸರಿಗೊಂದರಂತೆ ಚೀಟಿ ಮಾಡಿಕೊಂಡು, ಆ ಹೆಸರು ವಿದೇಶಾಂಗದ ಆಜ್ಞೆಯ ಕೆಳಗೆ ಮೊದಲು ಕಾಣಿಸುವ ದಿನ, ಕೊನೆಯದಾಗಿ ಕಾಣಿಸುವ ದಿನ, ನೇಮಕದ ಆಜ್ಞೆಯ ದಿನ ಇವುಗಳನ್ನು ಬರೆದುಕೊಂಡೆ. ಮೂರೂ ಹೊಂದಿಕೊಂಡ ಹೆಸರುಗಳು ನೇರವಾಗಿ ಪಟ್ಟಿಗೆ ಹೋದವು, ಹೊಂದದವು ಬೇರೆ ಕಟ್ಟಿನಲ್ಲಿ ಉಳಿದವು. ಆ ಬೇರೆ ಕಟ್ಟಿನಲ್ಲೇ ನಿಜವಾದ ಇತಿಹಾಸವಿತ್ತೆಂದು ನಾನು ಈಗಲೂ ನಂಬಿದ್ದೇನೆ.

1820ರ ಫೆಬ್ರುವರಿಯಲ್ಲಿ ಸೆಪೇದಾ ಕದನದ ಬಳಿಕ ಕೇಂದ್ರ ಸರ್ಕಾರ ಕುಸಿಯಿತು. ಪ್ರಾಂತಗಳು ತಮ್ಮ ತಮ್ಮ ಆಡಳಿತ ತಾವೇ ನಡೆಸತೊಡಗಿದವು. ಹೊರದೇಶಗಳ ವ್ಯವಹಾರವನ್ನು ಮಾತ್ರ ಬ್ಯೂನಸ್ ಐರಿಸ್ ಪ್ರಾಂತದ ಗವರ್ನರರಿಗೆ ವಹಿಸುವ ಪದ್ಧತಿ ಬೆಳೆಯಿತು. ಹಾಗಾಗಿ ಹೆಸರಿಗೆ ಒಂದು ಪ್ರಾಂತದ ಸಚಿವರಾಗಿದ್ದವರು ಕೆಲಸದಲ್ಲಿ ಇಡೀ ದೇಶದ ವಿದೇಶಾಂಗ ಸಚಿವರಾಗಿದ್ದರು. 1825ರ ಫೆಬ್ರುವರಿ 2ರಂದು ಬ್ರಿಟನ್ನಿನ ವುಡ್‌ಬೈನ್ ಪ್ಯಾರಿಶ್ ಅವರೊಡನೆ ಸ್ನೇಹ ಮತ್ತು ವಾಣಿಜ್ಯದ ಒಪ್ಪಂದಕ್ಕೆ ಸಹಿ ಹಾಕಿದ ಮಾನುಯೆಲ್ ಹೊಸೆ ಗಾರ್ಸಿಯಾ ಅಂಥವರಲ್ಲೊಬ್ಬರು. ಆಡಳಿತ, ಹಣಕಾಸು, ವಿದೇಶಾಂಗ ಈ ಮೂರೂ ಖಾತೆಗಳು ಅವರ ಕೈಯಲ್ಲಿದ್ದವು. ಗಣರಾಜ್ಯದ ಪಟ್ಟಿಯಲ್ಲಿ ಪ್ರಾಂತದ ಸಚಿವರಿಗೆ ಜಾಗವಿಲ್ಲವೆಂದು ಇವರನ್ನು ಬಿಟ್ಟರೆ, ಬ್ರಿಟನ್ ಆ ದೇಶದೊಡನೆ ಮಾಡಿಕೊಂಡ ಮೊದಲ ಒಪ್ಪಂದಕ್ಕೆ ದಿಕ್ಕೇ ಇಲ್ಲದಂತಾಗುತ್ತದೆ.

ಇದೇ ಕಾರಣಕ್ಕೆ ಫೆಲಿಪೆ ಅರಾನಾ ಅವರಿಗೆ ನಾನು ಪಟ್ಟಿಯಲ್ಲಿ ದೊಡ್ಡ ಜಾಗ ಕೊಟ್ಟೆ. ಹುವಾನ್ ಮಾನುಯೆಲ್ ದೆ ರೋಸಾಸ್ ಎರಡನೆಯ ಸಲ ಬ್ಯೂನಸ್ ಐರಿಸ್‌ನ ಗವರ್ನರರಾದ 1835ರಿಂದ, ಕಸೇರೊಸ್ ಕದನದಲ್ಲಿ ಸೋತ 1852ರವರೆಗೆ, ವಿದೇಶಾಂಗದ ಕಾಗದಗಳ ಕೆಳಗೆ ಕಾಣುವುದು ಇವರ ಹೆಸರೇ. ಆ ಅವಧಿಯಲ್ಲಿ ಫ್ರಾನ್ಸ್ ಒಮ್ಮೆ ಒಂಟಿಯಾಗಿ, ಮತ್ತೊಮ್ಮೆ ಬ್ರಿಟನ್ನಿನೊಡನೆ ಸೇರಿ, ಪ್ಲಾತಾ ನದೀಮುಖಕ್ಕೆ ನೌಕಾ ದಿಗ್ಬಂಧನ ಹಾಕಿತು. ಎರಡನೆಯ ದಿಗ್ಬಂಧನದ ವ್ಯಾಜ್ಯ ತೀರಿದ್ದು 1849ರ ನವೆಂಬರ್ 24ರಂದು ಬ್ರಿಟನ್ನಿನ ಹೆನ್ರಿ ಸದರ್ನ್ ಅವರೊಡನೆ, 1850ರ ಆಗಸ್ಟ್ 31ರಂದು ಫ್ರಾನ್ಸಿನ ಲೆಪ್ರೆದೂರ್ ಅವರೊಡನೆ ಆದ ಒಪ್ಪಂದಗಳಿಂದ. ಎರಡರಲ್ಲೂ ಅರ್ಜೆಂಟೀನಾದ ಪರವಾಗಿ ಅರಾನಾ ಅವರದೇ ಸಹಿ, ಎರಡೂ ಇತಿಹಾಸದಲ್ಲಿ ಅವರ ಹೆಸರಿನಿಂದಲೇ ನಡೆದುಬಂದಿವೆ. ರೋಸಾಸ್ ಅವರ ಆಳ್ವಿಕೆಯ ಕ್ರೌರ್ಯವನ್ನು ಕುರಿತು ಬರೆಯುವವರು ಅರಾನಾ ಅವರನ್ನು ಯಜಮಾನನ ಗುಮಾಸ್ತೆಯೆಂಬಂತೆ ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ಆದರೆ ಸುಮಾರು ಹದಿನೇಳು ವರ್ಷ ಒಂದೇ ಹುದ್ದೆಯಲ್ಲಿದ್ದು, ಅಂದಿನ ಎರಡು ದೊಡ್ಡ ನೌಕಾಶಕ್ತಿಗಳೊಡನೆ ಪತ್ರಯುದ್ಧ ನಡೆಸಿದವರನ್ನು ಹಾಗೆ ಬಿಡುವುದು ನನಗೆ ನ್ಯಾಯವೆನಿಸಲಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು 1852ರಿಂದ 1862ರವರೆಗಿನ ದಶಕ. ರೋಸಾಸ್ ಅವರನ್ನು ಸೋಲಿಸಿದ ಹುಸ್ತೊ ಹೊಸೆ ದೆ ಉರ್ಕಿಸಾ ಸಂವಿಧಾನ ರಚನೆಗೆ ಪ್ರಾಂತಗಳನ್ನು ಕೂಡಿಸುತ್ತಿರುವಾಗಲೇ, 1852ರ ಸೆಪ್ಟೆಂಬರ್ 11ರಂದು ಬ್ಯೂನಸ್ ಐರಿಸ್ ಪ್ರಾಂತ ಬೇರೆಯಾಯಿತು. ಉಳಿದ ಪ್ರಾಂತಗಳ ಒಕ್ಕೂಟವು ಪರಾನಾ ನಗರವನ್ನು ರಾಜಧಾನಿ ಮಾಡಿಕೊಂಡಿತು. ಬ್ಯೂನಸ್ ಐರಿಸ್ 1854ರಲ್ಲಿ ತನ್ನದೇ ಸಂವಿಧಾನ ಬರೆದುಕೊಂಡು, ಒಕ್ಕೂಟದ ಸರ್ಕಾರವೊಂದಕ್ಕೆ ತಾನಾಗಿ ಸ್ಪಷ್ಟವಾಗಿ ಬಿಟ್ಟುಕೊಡುವವರೆಗೆ ಒಳಗಿನ ಮತ್ತು ಹೊರಗಿನ ಸಾರ್ವಭೌಮತ್ವವೆರಡೂ ತನ್ನದೇ ಎಂದು ಅದರಲ್ಲಿ ಸಾರಿತು. ಅಂದರೆ ಹೊರದೇಶಗಳೊಡನೆ ಮಾತನಾಡುವ ಅಧಿಕಾರವನ್ನು ಎರಡು ಸರ್ಕಾರಗಳು ಒಂದೇ ಕಾಲಕ್ಕೆ ಹೇಳಿಕೊಳ್ಳುತ್ತಿದ್ದವು. ನಾನು ಪರಾನಾದ ಸಚಿವರನ್ನು ಮುಖ್ಯ ಸಾಲಿನಲ್ಲಿಟ್ಟು, ಬ್ಯೂನಸ್ ಐರಿಸ್‌ನವರಿಗೆ ಪಕ್ಕದಲ್ಲಿ ಇನ್ನೊಂದು ಸಾಲು ತೆರೆದೆ. 1853ರ ಸಂವಿಧಾನ ಪರಾನಾ ಸರ್ಕಾರದ್ದೆಂಬುದೂ, ಮುಂದೆ ತಿದ್ದುಪಡಿಗಳೊಡನೆ ಇಡೀ ದೇಶಕ್ಕೆ ಸಂದದ್ದು ಅದೇ ಎಂಬುದೂ ಈ ನಿರ್ಧಾರಕ್ಕೆ ಆಧಾರ.

ಮುಖ್ಯ ಸಾಲಿನಲ್ಲಿ ಬರುವ ಹುವಾನ್ ಮರಿಯಾ ಗುತಿಯೆರ್ರೆಸ್ ಅವರು ಸಂವಿಧಾನಕ್ಕೆ ಸಹಿ ಹಾಕಿದವರಲ್ಲೊಬ್ಬರು, ಹೆಸರಾಂತ ಸಾಹಿತ್ಯ ವಿಮರ್ಶಕರು, ಮುಂದೆ ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ಕುಲಪತಿಗಳಾದವರು. ಈ ದಶಕದಲ್ಲಿ ಇನ್ನೊಂದು ಎಚ್ಚರವೂ ಬೇಕಾಯಿತು. ಪರಾನಾ ಮತ್ತು ಉರುಗ್ವೆ ನದಿಗಳಲ್ಲಿ ಎಲ್ಲ ದೇಶಗಳ ಹಡಗುಗಳಿಗೂ ಮುಕ್ತ ಸಂಚಾರ ಕೊಟ್ಟ 1853ರ ಜುಲೈ ಒಪ್ಪಂದಗಳಿಗೆ ಒಕ್ಕೂಟದ ಪರವಾಗಿ ಸಹಿ ಹಾಕಿದವರು ಸಾಲ್ವದೋರ್ ಮರಿಯಾ ದೆಲ್ ಕಾರ್ರಿಲ್ ಮತ್ತು ಹೊಸೆ ಬೆಂಹಮಿನ್ ಗೊರೊಸ್ತಿಯಾಗಾ. ಅವರು ಆ ಕೆಲಸಕ್ಕೆಂದೇ ಪೂರ್ಣಾಧಿಕಾರ ಪಡೆದ ಪ್ರತಿನಿಧಿಗಳಾಗಿ ಸಹಿ ಹಾಕಿದ್ದರು. ಆದ್ದರಿಂದ ಒಪ್ಪಂದದ ಮೇಲಿನ ಸಹಿಯೊಂದರಿಂದಲೇ ಯಾರನ್ನೂ ಪಟ್ಟಿಗೆ ಸೇರಿಸದೆ, ದಿನನಿತ್ಯದ ಆಜ್ಞೆಗಳ ಕೆಳಗಿನ ಸಹಿಯನ್ನೇ ಪ್ರಮಾಣವೆಂದು ಇಟ್ಟುಕೊಂಡೆ.

ಬ್ಯೂನಸ್ ಐರಿಸ್ ಒಕ್ಕೂಟವನ್ನು ಸೋಲಿಸಿದ ಪಾವೊನ್ ಕದನದ ಬಳಿಕ, 1862ರ ಅಕ್ಟೋಬರ್ 12ರಂದು ಬಾರ್ತೊಲೊಮೆ ಮಿತ್ರೆ ಒಗ್ಗೂಡಿದ ದೇಶದ ಅಧ್ಯಕ್ಷರಾದ ಮೇಲೆ ಪಟ್ಟಿ ಒಂದೇ ಸಾಲಿಗೆ ಬರುತ್ತದೆ. ಮಿತ್ರೆ ಅವರ ವಿದೇಶಾಂಗ ಸಚಿವ ರುಫಿನೊ ದೆ ಎಲಿಸಾಲ್ದೆ 1865ರ ಮೇ 1ರಂದು ಬ್ರೆಜಿಲ್ ಮತ್ತು ಉರುಗ್ವೆಗಳೊಡನೆ ಪರಾಗ್ವೆಯ ವಿರುದ್ಧ ತ್ರಿಕೂಟ ಒಪ್ಪಂದಕ್ಕೆ ಸಹಿ ಹಾಕಿದರು. ಗುಟ್ಟಾಗಿಡಬೇಕೆಂದಿದ್ದ ಅದರ ಪಾಠ ಮರುವರ್ಷವೇ ಲಂಡನ್ನಿನಲ್ಲಿ ಅಚ್ಚಾಗಿ ಬಯಲಾಯಿತು. ಇವರ ಪಕ್ಕದಲ್ಲೇ ಓದಬೇಕಾದವರು ಮುಂದಿನ ಅಧ್ಯಕ್ಷ ಸಾರ್ಮಿಯೆಂತೊ ಅವರ ಸಚಿವ ಮರಿಯಾನೊ ವರೇಲಾ. ಯುದ್ಧ ಮುಗಿಯುತ್ತ ಬಂದ 1869ರಲ್ಲಿ ಅವರು, ಗೆದ್ದವರೆಂಬ ಮಾತ್ರಕ್ಕೆ ಮಿತ್ರರಾಷ್ಟ್ರಗಳಿಗೆ ಗಡಿಗಳನ್ನು ತಾವೇ ಗೊತ್ತುಮಾಡುವ ಹಕ್ಕು ಬರುವುದಿಲ್ಲವೆಂಬ ನಿಲುವು ತಳೆದರು. ಒಬ್ಬರು ಯುದ್ಧದ ಒಪ್ಪಂದಕ್ಕೆ ಸಹಿ ಹಾಕಿದರೆ, ಕೆಲವೇ ವರ್ಷಗಳಲ್ಲಿ ಅದೇ ಕುರ್ಚಿಯಲ್ಲಿ ಕುಳಿತ ಇನ್ನೊಬ್ಬರು ಅದರ ಫಲಕ್ಕೆ ಮಿತಿ ಹಾಕಲು ಹೊರಟರು. ಚಾಕೊ ಪ್ರದೇಶದ ವಿವಾದದ ಭಾಗ ಕೊನೆಗೆ 1878ರ ನವೆಂಬರ್ 12ರಂದು ಅಮೆರಿಕದ ಅಧ್ಯಕ್ಷ ಹೇಯ್ಸ್ ಅವರ ಮಧ್ಯಸ್ಥಿಕೆಯ ತೀರ್ಪಿನಿಂದ ಪರಾಗ್ವೆಗೆ ಹೋಯಿತು. ಚಿಲಿಯೊಡನೆ 1881ರ ಜುಲೈ 23ರ ಗಡಿ ಒಪ್ಪಂದಕ್ಕೆ ಸಹಿ ಹಾಕಿದವರು ಬೆರ್ನಾರ್ದೊ ದೆ ಇರಿಗೊಯೆನ್. ಆಂಡೀಸ್ ಪರ್ವತಸಾಲಿನಲ್ಲಿ ನೀರನ್ನು ಎರಡು ಕಡೆಗೆ ಹಂಚುವ ಅತಿ ಎತ್ತರದ ಶಿಖರಗಳೇ ಗಡಿಯೆಂದು ಅದು ಹೇಳಿತು.

ಎಸ್ತಾನಿಸ್ಲಾವೊ ಸೆಬಾಯೊಸ್ ಅವರ ಹೆಸರಿಗೆ ಮೂರು ಚೀಟಿಗಳು ಬೇಕಾದವು, ಏಕೆಂದರೆ ಅವರು ಮೂವರು ಬೇರೆ ಬೇರೆ ಅಧ್ಯಕ್ಷರ ಕೆಳಗೆ ಮೂರು ಸಲ ಸಚಿವರಾಗಿದ್ದರು. ನಾನು ಮೂರನ್ನೂ ಮೂರು ನಮೂದುಗಳಾಗಿಯೇ ಉಳಿಸಿದೆ. ಮಿಸಿಯೊನೆಸ್ ಗಡಿ ವಿವಾದದಲ್ಲಿ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರೆದುರು ಅರ್ಜೆಂಟೀನಾದ ವಾದ ಮಂಡಿಸಿದವರು ಸೆಬಾಯೊಸ್, ಬ್ರೆಜಿಲ್‌ನ ವಾದ ಮಂಡಿಸಿದವರು ರಿಯೊ ಬ್ರಾಂಕೊ. 1895ರಲ್ಲಿ ತೀರ್ಪು ಬ್ರೆಜಿಲ್‌ನ ಕಡೆಗಾಯಿತು. 1906ರಲ್ಲಿ ಸೆಬಾಯೊಸ್ ಮತ್ತೆ ಸಚಿವರಾದಾಗ ರಿಯೊ ಬ್ರಾಂಕೊ ಬ್ರೆಜಿಲ್‌ನ ವಿದೇಶಾಂಗ ಸಚಿವರಾಗಿದ್ದರು, ಇಬ್ಬರ ನಡುವಿನ ಹಳೆಯ ಪೈಪೋಟಿ ಎರಡು ದೇಶಗಳ ನಡುವಿನ ಬಿಕ್ಕಟ್ಟಾಗಿ ಬೆಳೆಯಿತು. ಮೂರು ಅವಧಿಗಳನ್ನು ಒಂದೇ ಸಾಲಿಗೆ ಒಟ್ಟುಗೂಡಿಸಿದ್ದರೆ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಡೆದ ಈ ಸೋಲು ಓದುವವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅವಧಿ ಚಿಕ್ಕದೆಂದು ಯಾರನ್ನೂ ಕಡೆಗಣಿಸಬಾರದೆಂಬುದಕ್ಕೆ ಲೂಯಿಸ್ ಮರಿಯಾ ದ್ರಾಗೊ ಅವರಿಗಿಂತ ಒಳ್ಳೆಯ ನಿದರ್ಶನ ನನಗೆ ಸಿಗಲಿಲ್ಲ. ಅವರು ಸಚಿವರಾಗಿದ್ದದ್ದು 1902ರಿಂದ 1903ರವರೆಗೆ, ಒಂದು ವರ್ಷಕ್ಕೂ ಕಡಿಮೆ. ಆ ಹೊತ್ತಿಗೆ ಜರ್ಮನಿ, ಬ್ರಿಟನ್, ಇಟಲಿಗಳು ಸಾಲ ವಸೂಲಿಗಾಗಿ ವೆನೆಜುವೆಲಾದ ಬಂದರುಗಳಿಗೆ ಯುದ್ಧನೌಕೆಗಳನ್ನು ಕಳುಹಿಸಿದ್ದವು. 1902ರ ಡಿಸೆಂಬರ್ 29ರಂದು ದ್ರಾಗೊ ಅವರು ವಾಷಿಂಗ್ಟನ್ನಿನಲ್ಲಿದ್ದ ತಮ್ಮ ರಾಯಭಾರಿ ಮಾರ್ತಿನ್ ಗಾರ್ಸಿಯಾ ಮೆರೊ ಅವರಿಗೆ ಪತ್ರ ಬರೆದು, ಒಂದು ಸಾರ್ವಭೌಮ ರಾಷ್ಟ್ರದ ಸಾರ್ವಜನಿಕ ಸಾಲವನ್ನು ವಸೂಲು ಮಾಡಲು ಅದರ ಮೇಲೆ ಸೈನ್ಯ ಕಳುಹಿಸುವುದಾಗಲಿ, ಅದರ ನೆಲವನ್ನು ಹಿಡಿದಿಟ್ಟುಕೊಳ್ಳುವುದಾಗಲಿ ಸಲ್ಲದೆಂಬ ತತ್ವವನ್ನು ಅಮೆರಿಕ ಸರ್ಕಾರದ ಮುಂದಿಡುವಂತೆ ತಿಳಿಸಿದರು. ಸಾಲ ಕೊಡುವವನು ಎದುರಿಗಿರುವವನ ಶಕ್ತಿ ಎಷ್ಟೆಂದು ತಿಳಿದೇ ಕೊಡುತ್ತಾನೆ, ಆ ಅಪಾಯದ ಲೆಕ್ಕ ಹಾಕಿಯೇ ತನ್ನ ಷರತ್ತುಗಳನ್ನು ಬಿಗಿಯಾಗಿಯೋ ಸಡಿಲವಾಗಿಯೋ ಇಡುತ್ತಾನೆ ಎಂಬುದು ಅವರ ವಾದದ ಒಂದು ಎಳೆ. ಆ ಪತ್ರವನ್ನು ನಾನು ಪದಪದವಾಗಿ ಓದಿದೆ. ಕೋಪದ ಮಾತಿಲ್ಲದೆ, ಕಾನೂನಿನ ನೆಲೆಯಿಂದ ಹೆಜ್ಜೆಹೆಜ್ಜೆಯಾಗಿ ಕಟ್ಟಿದ ಬರಹ ಅದು. ಅದರ ವಿಚಾರ 1907ರ ಹೇಗ್ ಸಮ್ಮೇಳನದಲ್ಲಿ, ಕೆಲವು ಮಾರ್ಪಾಡುಗಳೊಡನೆ, ಅಂತರರಾಷ್ಟ್ರೀಯ ಒಪ್ಪಂದವಾಯಿತು.

1898ರ ತಿದ್ದುಪಡಿ ಸಚಿವರ ಸಂಖ್ಯೆಯನ್ನು ಎಂಟಕ್ಕೇರಿಸಿತು. ಆಗಿನಿಂದ ಧಾರ್ಮಿಕ ವ್ಯವಹಾರಗಳೂ ವಿದೇಶಾಂಗ ಖಾತೆಗೆ ಸೇರಿದವು, ಇಂದಿಗೂ ಆ ಸಚಿವಾಲಯದ ಹೆಸರಿನಲ್ಲಿ ವಿದೇಶಾಂಗದ ಜೊತೆಗೆ ಧಾರ್ಮಿಕ ವ್ಯವಹಾರಗಳೂ ಇವೆ. ಹಂಗಾಮಿ ಸಚಿವರ ಪ್ರಶ್ನೆ ಈ ಕಾಲದಲ್ಲಿ ಹೆಚ್ಚು ಕಾಡಿತು. ಒನೋರಿಯೊ ಪುಯೆರ್ರೆದೊನ್ ಮೊದಲು ಕೃಷಿ ಸಚಿವರಾಗಿದ್ದುಕೊಂಡೇ ವಿದೇಶಾಂಗವನ್ನೂ ನೋಡಿಕೊಂಡು, ಬಳಿಕ ಪೂರ್ಣ ಸಚಿವರಾದವರು. 1920ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ನಿಯೋಗವನ್ನು ಜಿನೀವಾದ ರಾಷ್ಟ್ರಸಂಘದ ಸಭೆಯಿಂದ ಹೊರಗೆ ಕರೆತಂದವರೂ ಅವರೇ. ಅಂಥವರ ಹಂಗಾಮಿ ಅವಧಿಯನ್ನು ಓರೆ ಅಕ್ಷರದಲ್ಲಿ, ಪೂರ್ಣಾವಧಿಯನ್ನು ನೇರ ಅಕ್ಷರದಲ್ಲಿ ಬರೆದೆ.

ಕಾರ್ಲೋಸ್ ಸಾವೆದ್ರಾ ಲಾಮಾಸ್ 1932ರಿಂದ 1938ರವರೆಗೆ ಸಚಿವರಾಗಿದ್ದರು. ಬೊಲಿವಿಯಾ ಮತ್ತು ಪರಾಗ್ವೆಗಳ ನಡುವಿನ ಚಾಕೊ ಯುದ್ಧವನ್ನು ನಿಲ್ಲಿಸಿದ 1935ರ ಜೂನ್ 12ರ ಒಡಂಬಡಿಕೆ ಬ್ಯೂನಸ್ ಐರಿಸ್‌ನಲ್ಲಿ ಅವರ ಮುಂದಾಳತ್ವದಲ್ಲಿ ಆಯಿತು. 1936ರ ನೊಬೆಲ್ ಶಾಂತಿ ಪುರಸ್ಕಾರ ಅವರಿಗೆ ಬಂತು, ಲ್ಯಾಟಿನ್ ಅಮೆರಿಕದವರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಆದರೆ ಅಂತಿಮ ಶಾಂತಿ ಒಪ್ಪಂದದ ದಿನಾಂಕ 1938ರ ಜುಲೈ 21. ಆಗ ಸಚಿವರಾಗಿದ್ದವರು ಹೊಸೆ ಮರಿಯಾ ಕಾಂತಿಲೊ. ನನ್ನ ಟಿಪ್ಪಣಿಯಲ್ಲಿ ಕದನವಿರಾಮವನ್ನು ಸಾವೆದ್ರಾ ಲಾಮಾಸ್ ಅವರ ಹೆಸರಿಗೂ, ಶಾಂತಿ ಒಪ್ಪಂದವನ್ನು ಕಾಂತಿಲೊ ಅವರ ಹೆಸರಿಗೂ ಹಂಚಿದೆ. ನೊಬೆಲ್ ಪಡೆದವರ ನೆರಳಿನಲ್ಲಿ ಇನ್ನೊಬ್ಬರ ಕೆಲಸ ಮರೆಯಾಗಬಾರದೆಂಬುದು ನನ್ನ ಆಸ್ಥೆ.

1930ರಿಂದ 1976ರವರೆಗೆ ಸೈನ್ಯ ಆರು ಸಲ ಸರ್ಕಾರವನ್ನು ಉರುಳಿಸಿತು. ಆ ವರ್ಷಗಳ ಎಷ್ಟೋ ಹೆಸರುಗಳಿಗೆ ನಾನು ದಿನಾಂಕಗಳನ್ನಷ್ಟೇ ಕೊಟ್ಟಿದ್ದೇನೆ. ಬಿಡಿಸಿ ಬರೆದವರಲ್ಲಿ ಒಬ್ಬರು ಅಧ್ಯಕ್ಷ ಪೆರೊನ್ ಅವರ ಮೊದಲ ವಿದೇಶಾಂಗ ಸಚಿವ, ರೈಲ್ವೆ ಕಾರ್ಮಿಕ ಸಂಘದ ವಕೀಲರಾಗಿದ್ದ ಹುವಾನ್ ಅತಿಲಿಯೊ ಬ್ರಮುಗ್ಲಿಯಾ. ಬರ್ಲಿನ್ ದಿಗ್ಬಂಧನದ ಕಾಲದಲ್ಲಿ, 1948ರಲ್ಲಿ, ಭದ್ರತಾ ಮಂಡಳಿಯ ಅಧ್ಯಕ್ಷತೆ ಅರ್ಜೆಂಟೀನಾಕ್ಕೆ ಬಂದಾಗ ರಾಜಿಗೆ ಓಡಾಡಿದವರು ಅವರು. ಭಾರತದೊಡನೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟ 1949ರ ವರ್ಷದಲ್ಲೂ ಅವರು ಸಚಿವರಾಗಿದ್ದರು. ಇನ್ನೊಬ್ಬರು ನಿಕನೋರ್ ಕೋಸ್ತಾ ಮೆಂದೆಸ್. ಎರಡು ಬೇರೆ ಸೈನಿಕ ಸರ್ಕಾರಗಳಲ್ಲಿ ಸಚಿವರಾಗಿದ್ದ ಅವರು, ಮಾಲ್ವಿನಾಸ್ (ಫಾಕ್‌ಲ್ಯಾಂಡ್) ಯುದ್ಧದ ನಡುವೆ, 1982ರ ಜೂನ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಬೆಂಬಲ ಕೇಳಿಕೊಂಡು ಹವಾನಾಕ್ಕೆ ಹೋದರು. ಕಟ್ಟಾ ಕಮ್ಯುನಿಸ್ಟ್ ವಿರೋಧಿ ಸರ್ಕಾರವೊಂದರ ಸಚಿವರು ಕ್ಯಾಸ್ಟ್ರೊ ಅವರ ಕೈಹಿಡಿದ ಆ ಘಟನೆಯಿಲ್ಲದೆ ಅವರ ನಮೂದು ಪೂರ್ಣವಾಗದು.

ಪ್ರಜಾಪ್ರಭುತ್ವ ಮರಳಿದ 1983ರ ಡಿಸೆಂಬರ್ 10ರಿಂದ ಮುಂದೆ ದಿನಾಂಕಗಳ ತೊಡಕು ಬಹುಮಟ್ಟಿಗೆ ಇಲ್ಲ. ದಾಂತೆ ಕಪೂತೊ 1984ರ ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಚಿಲಿಯೊಡನೆ ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿ ಬೀಗಲ್ ಕಾಲುವೆಯ ವಿವಾದವನ್ನು ಮುಗಿಸಿದರು. 1989ರಲ್ಲಿ ಅವರ ಬಳಿಕ ಬಂದ ಸುಸಾನಾ ರುಯಿಸ್ ಸೆರೂತಿ ಆ ಹುದ್ದೆಗೇರಿದ ಮೊದಲ ಮಹಿಳೆ. ಅವಧಿ ಮೇ ಕೊನೆಯಿಂದ ಜುಲೈ ಆರಂಭದವರೆಗೆ ಮಾತ್ರ. ಅವರ ನಮೂದನ್ನು ಅಲ್ಲಿಗೇ ನಿಲ್ಲಿಸದೆ, ಮುಂದೆ ಕಾಗದ ತಿರುಳಿನ ಕಾರ್ಖಾನೆಗಳ ವಿಷಯದಲ್ಲಿ ಉರುಗ್ವೆಯೊಡನೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಡೆದ, 2010ರಲ್ಲಿ ತೀರ್ಪಾದ ಮೊಕದ್ದಮೆಯಲ್ಲಿ ಅವರು ತಮ್ಮ ದೇಶದ ಪ್ರತಿನಿಧಿಯಾಗಿದ್ದದ್ದನ್ನೂ ಸೇರಿಸಿದೆ. ಗಿದೊ ದಿ ತೆಲಾ 1991ರಿಂದ 1999ರ ಕೊನೆಯವರೆಗೆ ಇದ್ದು ಈ ಕಾಲದ ದೀರ್ಘ ಅವಧಿಯ ಸಚಿವರಾದರು. 2024ರ ಅಕ್ಟೋಬರ್‌ನಲ್ಲಿ, ಕ್ಯೂಬಾದ ಮೇಲಿನ ಅಮೆರಿಕದ ನಿರ್ಬಂಧದ ವಿರುದ್ಧ ವಿಶ್ವಸಂಸ್ಥೆಯಲ್ಲಿ ಅರ್ಜೆಂಟೀನಾ ಮತ ಹಾಕಿದ ಕೂಡಲೇ ದಿಯಾನಾ ಮೊಂದಿನೊ ಹುದ್ದೆ ಕಳೆದುಕೊಂಡು, ಹೆರಾರ್ದೊ ವೆರ್ಥೈನ್ ಬಂದರು. ಇಂಥ ಬದಲಾವಣೆ ಪತ್ರಿಕೆಗಳಲ್ಲಿ ಬಂದ ದಿನವೇ ನಾನು ಪಟ್ಟಿಯನ್ನು ತಿದ್ದುವುದಿಲ್ಲ. ಹಳಬರ ರಾಜೀನಾಮೆಯನ್ನು ಒಪ್ಪಿದ ಆಜ್ಞೆ, ಹೊಸಬರನ್ನು ನೇಮಿಸಿದ ಆಜ್ಞೆ ಎರಡೂ ರಾಜ್ಯಪತ್ರದಲ್ಲಿ ಅಚ್ಚಾದ ಮೇಲೆ, ಅವುಗಳ ದಿನಾಂಕವನ್ನೇ ನಮೂದಿಸುತ್ತೇನೆ.